ದುಂಡಗೆ ಬರೆದ ಮಳೆ ಸುದ್ದಿ

ನಿಂಗಮ್ಮಜ್ಜಿ ಸೆರಗಿನ ಗಂಟು ಬಿಚ್ಚಿ, ಮೊಳಕೆಯೊಡೆದ ರಾಗಿಯನ್ನು ನನ್ನ ಮೇಜಿನ ಮೇಲೆ ಸುರಿದರು. ಕೊಯ್ದು ಹೊಲದಲ್ಲೇ ಬಿಟ್ಟಿದ್ದ ಅವರ ರಾಗಿ ಹಿಂದಿನ ವಾರದ ಮಳೆಗೆ ನೆನೆದು, ತೆನೆಯಲ್ಲೇ ಮೊಳೆತಿತ್ತು.

ನಾಗಮಂಗಲ ಕಡೆಯ ನಮ್ಮೂರ ಹಾಲಿನ ಡೈರಿಯಲ್ಲಿ ನಾನು ಕಾರ್ಯದರ್ಶಿ. ಮೊಬೈಲಿಗೆ ಬರುವ ಹವಾಮಾನದ ಸುದ್ದಿಯನ್ನು ದಿನವೂ ಬೋರ್ಡಿನ ಮೇಲೆ ದುಂಡಗೆ ಬರೆಯುತ್ತೇನೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಸಿಡುಕಿನಿಂದಲೇ ಕೇಳಿದೆ: "ಮಳೆ ಬತ್ತದೆ, ಬೇಗ ಮೆದೆ ಹಾಕಿ ಅಂತ ಬರ್ದಿದ್ನಲ್ಲಜ್ಜಿ, ನೋಡ್ನಿಲ್ವಾ?"

"ನೋಡ್ದೆ ಕಣವ್ವ. ಓದಾಕೆ ಬರಾಕಿಲ್ವಲ್ಲ. ಎಲ್ರ ಮುಂದೆ ಕೇಳಕ್ಕೆ ನಾಚ್ಕೆ ಆಯ್ತು."

ಆರು ವರ್ಷದಿಂದ ಡೈರಿ ಪುಸ್ತಕಕ್ಕೆ ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾ ಬಂದವಳು ನಾನೇ. ನನ್ನ ಮುಖ ನೋಡಿ ಅಜ್ಜಿಯೇ ರಾಗಿಯನ್ನು ನನ್ನತ್ತ ಸರಿಸಿದರು.

"ಬುಡವ್ವ, ಆದದ್ದಾಯ್ತು. ಚೆನ್ನಾಗಿರೋದ್ನ ಆರ್ಸಿ, ಒಣಗ್ಸಿ ತಂದಿವ್ನಿ. ನಿನ್ ಮಗೀಗೆ ರಾಗಿ ಸರಿ ಮಾಡು."

ಈಗಲೂ ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೆ ಹಾಲು ಅಳೆಯುವಾಗ ಮಳೆಯ ಸುದ್ದಿಯನ್ನು ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳುತ್ತೇನೆ, ಯಾರೂ ಕೇಳುವ ಮೊದಲೇ.