ಸತ್ತವರ ಹೆಸರು ಹೊಡೆಸುವ ಪಿಳ್ಳಣ್ಣ

ಬೆಳಗಿನ ಐದೂವರೆ. ಮಗ್ಗದ ಬೀದಿಯಲ್ಲಿ ಇನ್ನೂ ಲಾಳಿಯ ಸದ್ದು ಎದ್ದಿಲ್ಲ. ದೇವನಹಳ್ಳಿ ಸೀಮೆಯ ಈ ಸಣ್ಣ ಪೇಟೆಯಲ್ಲಿ ಊರ ಚಾಕರಿ ಮಾಡುವ ತೋಟಿ ಪಿಳ್ಳಣ್ಣ ಬೀದಿಯ ನಡುವೆ ನಿಂತು ತಮಟೆಗೆ ನಾಲ್ಕು ಪೆಟ್ಟು ಕೊಡುತ್ತಾರೆ. “ಓಟಿನ ಪಟ್ಟಿ ಬರ್ಕೊಳಾಕೆ ಮೇಷ್ಟ್ರು ಬರ್ತಾವ್ರೆ! ಇಪ್ಪತ್ತೊಂದು ತುಂಬಿದ ಗಂಡ್ಸು, ಹೆಂಗ್ಸು ಎಲ್ಲಾರೂ ಮನೇತಾವೇ ಇರ್ರಪ್ಪೋ!” ಅವರ ಹಿಂದೆ ದಪ್ಪ ಪುಸ್ತಕ ಕಂಕುಳಲ್ಲಿಟ್ಟುಕೊಂಡ ಶಾಲೆಯ ನರಸಿಂಹಯ್ಯ ಮೇಷ್ಟ್ರು. ಮೇಷ್ಟ್ರು ಜಗುಲಿ ಹತ್ತುತ್ತಾರೆ. ಪಿಳ್ಳಣ್ಣ ನಾಲ್ಕು ಮಾರು ದೂರದಲ್ಲೇ ನಿಲ್ಲುತ್ತಾರೆ.

ಇದು ಸಾವಿರದ ಒಂಬೈನೂರ ನಲವತ್ತೊಂಬತ್ತು. ಇನ್ನು ಮುಂದೆ ಕಂದಾಯ ಕಟ್ಟುವವರಿಗಷ್ಟೇ ಅಲ್ಲ, ಎಲ್ಲರಿಗೂ ಓಟು ಅಂತ ಆಗಿದೆ. ಹೊಸ ಪಟ್ಟಿ ಬರೆಯಲು ಮೇಷ್ಟ್ರಿಗೆ ಸಿಗುವ ಆಧಾರ ಮನೆಮನೆಯ ರೇಶನ್ ಚೀಟಿ. ತೊಡಕಿರುವುದೂ ಅಲ್ಲೇ. ಈ ಪೇಟೆಯ ರೇಶನ್ ಚೀಟಿಗಳಲ್ಲಿ ಯಾರೂ ಸಾಯುವುದೇ ಇಲ್ಲ! ಸತ್ತ ಅತ್ತೆಯ ಪಾಲಿನ ರಾಗಿ ಬದುಕಿರುವ ಮೊಮ್ಮಕ್ಕಳ ಹೊಟ್ಟೆ ಸೇರುತ್ತದೆ. ಅದನ್ನು ತಪ್ಪು ಅನ್ನುವವರು ಮೊದಲು ಒಂದು ವಾರ ಆ ಮನೆಯಲ್ಲಿ ಉಂಡು ನೋಡಬೇಕು.

ಯಾರು ಇದ್ದಾರೆ, ಯಾರು ಇಲ್ಲ ಎಂಬುದು ಸರಿಯಾಗಿ ಗೊತ್ತಿರುವುದು ಪಿಳ್ಳಣ್ಣನವರಿಗೆ ಮಾತ್ರ. ವಯಸ್ಸು ಐವತ್ತೆರಡು. ಮೂವತ್ತು ವರ್ಷದಿಂದ ಊರಿನ ಹೆಣಗಳಿಗೆ ಗುಂಡಿ ತೋಡುತ್ತಿರುವವರು ಅವರೇ, ಸಾವಿನ ಸುದ್ದಿ ಹೊತ್ತು ಬೂದಿಗೆರೆವರೆಗೂ ಹನ್ನೆರಡು ಮೈಲಿ ನಡೆಯುವವರೂ ಅವರೇ. ಕಾಲರಾ ಬಂದ ವರ್ಷ ಹದಿಮೂರು ದಿನದಲ್ಲಿ ಹತ್ತೊಂಬತ್ತು ಗುಂಡಿ ತೋಡಿದ್ದಾರೆ. ಅಕ್ಷರ ಬಾರದು. ಆದರೆ ಯಾರು ಯಾವ ಮಳೆಯಲ್ಲಿ ಹೋದರು, ಯಾವ ಬೇಲಿಯ ಪಕ್ಕ ಮಲಗಿದ್ದಾರೆ ಎಂದು ಕೇಳಿದರೆ ತಡವರಿಸುವುದಿಲ್ಲ.

ಪುರಸಭೆಯ ಚುನಾವಣೆಯಲ್ಲಿ ಇಲ್ಲಿ ಬೀದಿಗೆ ಬೀದಿಯೇ ಒಂದು ಕಡೆ ವಾಲುತ್ತದೆ. ಕೋಟೆ ಬೀದಿ ಪಟೇಲರ ಕಡೆ, ಮಗ್ಗದ ಬೀದಿ ಮಂಡಿ ಸಾಹುಕಾರರ ಕಡೆ. ತೂಗಿ ನೋಡಿದರೆ ಎರಡೂ ಸಮಸಮ. ಹೀಗಾಗಿ ಗೆಲುವನ್ನು ತೀರ್ಮಾನಿಸುವವರು ಪಟ್ಟಿಯಲ್ಲಿ ಉಳಿದುಹೋದ ಸತ್ತವರು. ಎರಡು ವರ್ಷದ ಹಿಂದೆ ಓಟಿನ ದಿನ ಪಿಳ್ಳಣ್ಣ ಚಾವಡಿಯ ಬಾಗಿಲು ಕಾಯುತ್ತಿದ್ದರು. ಯಾವನೋ ಪರಊರಿನವನು ಬಂದು, ಗತಿಸಿದ ಅಪ್ಪಯ್ಯಣ್ಣನ ಹೆಸರು ಹೇಳಿ ಒಳಗೆ ಹೋದ.

“ಅಪ್ಪಯ್ಯಣ್ಣನ್ನ ಮಣ್ಣು ಮಾಡ್ದೋನೇ ನಾನು,” ಎನ್ನುತ್ತಾರೆ ಪಿಳ್ಳಣ್ಣ. “ಆವಯ್ಯ ನನ್ನ ಕಣ್ಮುಂದೇನೇ ಅವನ ಹೆಸ್ರೇಳ್ಬಿಟ್ಟು ಓಟಾಕ್ಬಿಟ್ಟು ಹೋದ. ನಾನು ಬಾಯಿ ಬಿಡ್ನಿಲ್ಲ. ನಂಗೇ ಓಟಿಲ್ಲ, ನಾನ್ಯಾವ ಮಕಾ ಇಟ್ಕೊಂಡು ಕೇಳ್ಲಿ?” ಆ ದಿನದ ಸುಮ್ಮನಿರುವಿಕೆ ಅವರನ್ನು ಇವತ್ತಿಗೂ ಸುಡುತ್ತದೆ.

ಅದಕ್ಕೇ ಈ ಸಲ ಬಾಯಿ ಬಿಟ್ಟಿದ್ದಾರೆ. ದಿನಕ್ಕೆ ಅರವತ್ತು ಮನೆ. ಮೇಷ್ಟ್ರು ಚೀಟಿ ಓದುವಾಗ ಇಲ್ಲದವರ ಹೆಸರು ಬಂದರೆ ಪಿಳ್ಳಣ್ಣ ದೂರದಿಂದಲೇ ಮೆಲ್ಲಗೆ, “ಅವ್ರಿಲ್ಲ ಸ್ವಾಮಿ,” ಅನ್ನುತ್ತಾರೆ. ಹನ್ನೊಂದು ದಿನದಲ್ಲಿ ನಲವತ್ತಮೂರು ಹೆಸರಿಗೆ ಗೀಟು ಬಿದ್ದಿದೆ. ಓಟಿನ ಪಟ್ಟಿಯಿಂದ ಹೋದ ಹೆಸರು ನಾಳೆ ರೇಶನ್ ಚೀಟಿಯಿಂದಲೂ ಹೋದೀತೆಂದು ಜನಕ್ಕೆ ಭಯ. ಹೋಗುವುದಿಲ್ಲ ಎಂದು ಮಾತು ಕೊಡುವ ಅಧಿಕಾರ ಮೇಷ್ಟ್ರಿಗೂ ಇಲ್ಲ.

ಮಗ್ಗದ ಬೀದಿಯ ಲಕ್ಕಮ್ಮ ತನ್ನ ಅತ್ತೆಯ ಹೆಸರಿಗೆ ಗೀಟು ಬೀಳುತ್ತಲೇ ಜಗುಲಿಯಿಂದ ಧುಮುಕಿ ಬರುತ್ತಾಳೆ. “ನನ್ನ ಮಕ್ಕಳ ಹಿಟ್ಟಿಗೇ ಕೈ ಹಾಕ್ದಲ್ಲೋ ಪಿಳ್ಳ! ನಿನ್ನ ಹೆಂಡ್ರು ಮುತ್ಯಾಲಮ್ಮ ಹೋಗಿ ವರ್ಷಾತು. ನಿಮ್ಮನೆ ಚೀಟೀಲಿ ಅವ್ಳಿನ್ನೂ ರಾಗಿ ತಿಂತಾವ್ಳಲ್ಲ, ಅದನ್ನ ಹೇಳು ಮೇಷ್ಟ್ರಿಗೆ!”

ಪಿಳ್ಳಣ್ಣ ತಮಟೆ ಹೆಗಲಿಗೇರಿಸಿಕೊಂಡು ಮುಂದಿನ ಮನೆಯತ್ತ ನಡೆಯುತ್ತಾರೆ. ಆಕೆ ಹೇಳಿದ್ದು ನಿಜ. ಸುಗ್ಗಿಯಲ್ಲಿ ಮನೆಮನೆಯವರು ಕೊಡುವ ಮೊರ ಧಾನ್ಯವೇ ತೋಟಿಯ ಸಂಬಳ. ಈ ಸಲ ಎಷ್ಟು ಮನೆಯವರು ಕೊಟ್ಟಾರೋ ಗೊತ್ತಿಲ್ಲ. ವಿಧವೆ ಮಗಳು, ಇಬ್ಬರು ಮೊಮ್ಮಕ್ಕಳು ಇರುವ ಮನೆಗೆ ಮುತ್ಯಾಲಮ್ಮನ ಪಾಲೂ ತಪ್ಪಿದರೆ ದಿನಕ್ಕೆ ಒಂದೇ ಹೊತ್ತಿನ ಮುದ್ದೆ.

ಹನ್ನೆರಡನೆಯ ದಿನ ಊರಾಚೆಯ ಕೇರಿಯ ಸರದಿ. ಪಿಳ್ಳಣ್ಣನವರ ಗುಡಿಸಲ ಮುಂದೆ ಕೂತು ಮೇಷ್ಟ್ರು ಚೀಟಿ ಬಿಚ್ಚುತ್ತಾರೆ. ಮುತ್ಯಾಲಮ್ಮ ಇಲ್ಲವೆಂದು ಅವರಿಗೂ ಗೊತ್ತು. ಆದರೂ ಏನೂ ಕೇಳದೆ, ತಲೆ ತಗ್ಗಿಸಿಕೊಂಡೇ ಆ ಹೆಸರು ಬರೆಯತೊಡಗುತ್ತಾರೆ. ಬಾಗಿಲ ಹಿಂದೆ ಮಗಳು ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಅಪ್ಪ ಸುಮ್ಮನಿದ್ದರೆ ಸಾಕು.

“ಬ್ಯಾಡಿ ಮೇಷ್ಟ್ರೇ, ಅದನ್ನ ಹೊಡ್ದಾಕಿ,” ಎನ್ನುತ್ತಾರೆ ಪಿಳ್ಳಣ್ಣ. ಮೇಷ್ಟ್ರು ತಲೆ ಎತ್ತಿ, “ನೋಡು ಪಿಳ್ಳಣ್ಣ, ಮಕ್ಕಳಿವೆ,” ಎನ್ನುತ್ತಾರೆ. ಪಿಳ್ಳಣ್ಣ ಒಂದು ಹೆಜ್ಜೆ ಮುಂದೆ ಬಂದು ಪುಸ್ತಕದತ್ತ ಕೈ ತೋರಿಸುತ್ತಾರೆ.

“ಅವ್ಳು ಬದುಕಿದ್ದಾಗ ನಿಂಗೇನು ಬೇಕು ಅಂತ ಒಬ್ರೂ ಕೇಳ್ನಿಲ್ಲ ಸ್ವಾಮಿ. ಸತ್ಮ್ಯಾಕೆ ಅವಳ ಹೆಸ್ರಲ್ಲಿ ಇನ್ಯಾರೋ ಬಂದು ಇದು ಬೇಕು ಅಂತ ಹೇಳೋದು ಬ್ಯಾಡ. ನನ್ನ ಹೆಸ್ರು ಬರ್ಕೊಳ್ಳಿ. ನನ್ನ ಓಟ್ನ ನಾನೇ ಬಂದು ಹಾಕ್ತೀನಿ.”