ಮಗ್ಗ ಬಂದ್ ಮಾಡು

ಮಕ್ಕಳು ಮಕ್ಕಳನ್ನು ಕಾಡಬಾರದು, ಅದಕ್ಕಾಗಿ ಪ್ರತಿ ಶನಿವಾರ ಒಂದು ಪಿರಿಯಡ್ಡು ತೆಗೆದಿಟ್ಟು ಇನ್ನೊಬ್ಬರ ನೋವು ತಿಳಿಯುವುದನ್ನು ಕಲಿಸಬೇಕು ಎಂಬ ಸುತ್ತೋಲೆ ಜಮಖಂಡಿಯ ನಮ್ಮ ಶಾಲೆಗೆ ಬಂದಾಗ, ಮುಖ್ಯೋಪಾಧ್ಯಾಯರು ಅದನ್ನು ನೇರ ನನ್ನ ಕೈಗೇ ಕೊಟ್ಟರು. ನಾನು ಬೇಡ ಅನ್ನಲಿಲ್ಲ. ಬೇಡ ಅನ್ನುವುದೇನು, ಒಳಗೊಳಗೇ ಹಿಗ್ಗಿದೆ. ಇಪ್ಪತ್ತು ವರ್ಷ ಪಾಠ ಮಾಡಿದವಳು, ಅದರ ತರಬೇತಿಗೂ ಒಂದು ದಿನ ಹೋಗಿ ಚಹಾ ಕುಡಿದು ಬಂದವಳು. ಮಕ್ಕಳ ಮನಸ್ಸು ನನಗಲ್ಲದೆ ಇನ್ಯಾರಿಗೆ ತಿಳಿದೀತು ಎಂಬ ಸೊಕ್ಕು. ಆ ಸೊಕ್ಕು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನನ್ನದು ಆರನೆಯ ತರಗತಿ. ಆ ವರ್ಷ ಹೊಸದಾಗಿ ಸೇರಿದ ಒಬ್ಬ ಹುಡುಗಿ ಬನಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ನೇಕಾರರ ಮಗು, ಮನೆಯೊಳಗೇ ನಾಲ್ಕು ಪವರ್‌ಲೂಮ್. ಅವಳ ದನಿ ದೊಡ್ಡದು. ನೀರು ಕುಡಿದು ಬರಲೇ ಎಂದು ಕೇಳಿದರೂ ಪಕ್ಕದ ತರಗತಿಯವರು ತಿರುಗಿ ನೋಡಬೇಕು, ಅಷ್ಟು ದೊಡ್ಡದು. ಅವಳು ಓದಲು ಎದ್ದಳೆಂದರೆ ಉಳಿದವರು ಸ್ಕೇಲಿನಿಂದ ಬೆಂಚು ಬಡಿದು ಖಟಾಖಟ್ ಖಟಾಖಟ್ ಎಂದು ಸದ್ದು ಮಾಡುವರು. ಯಾರಾದರೊಬ್ಬರು ‘ಮಗ್ಗ ಬಂದ್ ಮಾಡು’ ಅನ್ನುವರು. ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಹಿಂದೆ ಹೋಗಿ ಅದನ್ನೇ ಅನ್ನುವರಂತೆ.

ಮಗ್ಗದ ಮನೆಯ ಮಕ್ಕಳ ದನಿ ಯಾಕೆ ದೊಡ್ಡದು ಎಂಬುದು ನನಗೆ ಗೊತ್ತಿರಲಿಲ್ಲವೇ? ನಾನು ಹುಟ್ಟಿ ಬೆಳೆದದ್ದೇ ರಬಕವಿಯ ಮಗ್ಗದ ಮನೆಯಲ್ಲಿ. ಆ ಸದ್ದಿನಲ್ಲಿ ಮಾತಾಡಲು ಇರುವುದು ಎರಡೇ ದಾರಿ. ಒಂದು, ಗಂಟಲು ಹರಿಯುವಂತೆ ಕೂಗುವುದು. ಇನ್ನೊಂದು, ದನಿಯನ್ನೇ ಬಿಟ್ಟು ಬರೀ ತುಟಿ ಆಡಿಸುವುದು. ನಮ್ಮವ್ವ ಈ ಮೂಲೆಯ ಮಗ್ಗದ ಮುಂದೆ ನಿಂತು, ಆ ಮೂಲೆಯಲ್ಲಿ ನಿಂತ ಕಾಕಿಯ ಜೊತೆ ಇಡೀ ಓಣಿಯ ಸುದ್ದಿಯನ್ನು ತುಟಿಯಲ್ಲೇ ಮುಗಿಸುತ್ತಿದ್ದಳು. ಸಣ್ಣವರಾದ ನಾವು ಅದನ್ನು ಅಂಗಳದಿಂದಲೇ ಓದಿ ಕಿಸಕ್ಕನೆ ನಗುತ್ತಿದ್ದೆವು. ಅಕ್ಷರ ಕಲಿಯುವ ಮೊದಲೇ ನಾನು ತುಟಿ ಓದಲು ಕಲಿತವಳು.

ಮದುವೆಯಾಗಿ ಜಮಖಂಡಿಯ ಬಟ್ಟೆ ಅಂಗಡಿಯವರ ಮನೆಗೆ ಬಂದ ಹೊಸತರಲ್ಲಿ, ನನ್ನ ಅತ್ತೆ ಬಂದವರ ಎದುರಿಗೇ ‘ಮೆಲ್ಲಗ ಮಾತಾಡವಾ, ಇದು ಮಗ್ಗದ ಮನಿ ಅಲ್ಲ’ ಅಂದರು. ಬಂದವರು ನಕ್ಕರು. ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು. ಅಂದಿನಿಂದ ದನಿ ಇಳಿಸಿದೆ. ಎಷ್ಟು ಇಳಿಸಿದೆನೆಂದರೆ, ಶಾಲೆಯಲ್ಲಿ ಎಲ್ಲರೂ ಟೀಚರ ದನಿ ಬಹಳ ಮೃದು ಎಂದು ಹೊಗಳುತ್ತಿದ್ದರು. ನಾನು ಎಲ್ಲಿಂದ ಬಂದವಳೆಂದು ಯಾರಿಗೂ ಹೇಳಲಿಲ್ಲ. ಯಾರಾದರೂ ಕೇಳಿದರೂ ಮಾತು ಮರೆಸುತ್ತಿದ್ದೆ.

ಹುಡುಗಿಯ ತಾಯಿಗೆ ಮಾತ್ರ ಅದು ಹೇಗೋ ಗೊತ್ತಾಗಿತ್ತು. ಒಂದು ದಿನ ಮಗಳನ್ನು ಕರೆದುಕೊಂಡು ಬಂದಳು. ಅವಳ ದನಿ ಮಗಳದ್ದಕ್ಕಿಂತ ದೊಡ್ಡದು. ವರಾಂಡದ ತುಂಬ ಮಕ್ಕಳು ಬಾಯಿಗೆ ಕೈ ಇಟ್ಟುಕೊಂಡು ನಗುತ್ತಿದ್ದರು. ಮಗಳು ಊಟದ ಡಬ್ಬಿ ಹಾಗೇ ವಾಪಸ್ಸು ತರುತ್ತಿದ್ದಾಳೆ, ಸಾಲಿ ಬೇಡ ಅನ್ನುತ್ತಿದ್ದಾಳೆ ಎಂದು ಅತ್ತಳು. ಕೊನೆಗೆ ಮಗಳ ತಲೆ ಸವರಿ, ‘ಟೀಚರೂ ರಬಕವಿ ಮಗ್ಗದ ಮನ್ಯಾಗ ಹುಟ್ಟಿದವರ ಅದಾರ. ನಮ್ಮ ಕಷ್ಟ ಅವರಿಗಿ ತಿಳಿತೈತಿ. ನೀ ಅಂಜಬ್ಯಾಡ’ ಅಂದಳು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ನಾನೋ, ಸಹೋದ್ಯೋಗಿಗಳು ಕೇಳಿಸಿಕೊಂಡರೇನೋ ಎಂದು ಆ ಕಡೆ ಈ ಕಡೆ ನೋಡಿದೆ. ಎಲ್ಲ ಸರಿಮಾಡುತ್ತೇನೆ ಎಂದು ಹೇಳಿ ಅವರನ್ನು ಬೇಗ ಬೇಗ ಕಳಿಸಿದೆ.

ಸರಿಮಾಡಲು ನನ್ನ ಕೈಯಲ್ಲಿ ಸುತ್ತೋಲೆಯ ಪಿರಿಯಡ್ಡು ಇತ್ತಲ್ಲ. ಶನಿವಾರ ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದೆ. ಯಾರ ಚೀಟಿ ಬರುತ್ತದೋ ಅವರಾಗಿ ನಿಲ್ಲಬೇಕು, ಅವರ ದಿನ ಹೇಗಿರುತ್ತದೆಂದು ಆಡಿ ತೋರಿಸಬೇಕು. ಆಗ ಅವರ ನೋವು ತಾನಾಗಿ ತಿಳಿಯುತ್ತದೆ. ತರಬೇತಿಯಲ್ಲಿ ಹಾಗೇ ಹೇಳಿದ್ದರು. ನಾನು ಪಿಳಿಪಿಳಿ ನೋಡುತ್ತ ಬರೆದುಕೊಂಡು ಬಂದಿದ್ದೆ.

ಬನಹಟ್ಟಿ ಹುಡುಗಿಯ ಚೀಟಿ ಮುಂದಿನ ಬೆಂಚಿನ ಜಾಣೆಯೊಬ್ಬಳಿಗೆ ಹೋಯಿತು. ಎಲ್ಲದರಲ್ಲೂ ಮುಂದು, ಕಾಡುವುದರಲ್ಲೂ ಅವಳೇ ಮುಂದು. ನನ್ನ ಪಾರ್ಟು ಮಾಡಲು ಗೆಳತಿಯನ್ನು ಕರೆದುಕೊಂಡಳು. ಗೆಳತಿ ಶಾಲನ್ನು ಸೆರಗಿನಂತೆ ಹೊದ್ದು ನನ್ನ ಕುರ್ಚಿಯ ಹತ್ತಿರ ನಿಂತಳು. ಜಾಣೆ ಪುಸ್ತಕ ಹಿಡಿದು ಕಿರುಚಿದಂತೆ ಎರಡು ಸಾಲು ಓದಿದಳು. ತರಗತಿ ನಗಲು ಶುರುಮಾಡಿತು. ಆಗ ನನ್ನ ಪಾರ್ಟಿನವಳು ಒಂದು ಕಿವಿಗೆ ಅಂಗೈ ಒತ್ತಿ, ಕತ್ತು ಕೊಂಕಿಸಿ, ತುಸು ನಕ್ಕು, ಬಹಳ ಮೃದುವಾಗಿ ಅಂದಳು:

‘ಏ ತಂಗಿ, ಮೊದಲ ಮಗ್ಗ ಬಂದ್ ಮಾಡು. ಆಮ್ಯಾಲೆ ಓದು.’

ಕಿವಿಗೆ ಅಂಗೈ ಒತ್ತುವುದು ನನ್ನ ಅಭ್ಯಾಸ. ಆ ಮಾತು ನನ್ನದು. ಜೂನಿನಲ್ಲಿ ಶಾಲೆ ಶುರುವಾದ ಮೊದಲ ವಾರ, ಆ ಹುಡುಗಿ ಮೊದಲ ಸಲ ಓದಲು ಎದ್ದಾಗ ನಾನೇ ಅಂದಿದ್ದೆ. ಚೇಷ್ಟೆಗೆ ಅಂದಿದ್ದೆ. ಇಡೀ ತರಗತಿ ನಕ್ಕಿತ್ತು, ಮಕ್ಕಳನ್ನು ನಗಿಸಿದೆನೆಂದು ನನಗೂ ಖುಷಿಯಾಗಿತ್ತು. ಆಮೇಲೆ ಮರೆತೇ ಬಿಟ್ಟಿದ್ದೆ. ಮಕ್ಕಳು ಮರೆತಿರಲಿಲ್ಲ. ಅವರು ನಾಲ್ಕು ತಿಂಗಳಿಂದ ಆಡುತ್ತಿದ್ದದ್ದು ನಾನು ಕಲಿಸಿದ ಪಾಠವನ್ನೇ.

ಬನಹಟ್ಟಿ ಹುಡುಗಿ ಆಡುವವರನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಆಗಲೇ ಎದ್ದು, ‘ತಪ್ಪು ನನ್ನದು’ ಅಂದಿದ್ದರೆ ಮುಗಿಯುತ್ತಿತ್ತು. ಎರಡು ಶಬ್ದ. ಅದರ ಬದಲು, ಚೆನ್ನಾಗಿ ಮಾಡಿದಿರಿ ಎಂದು ಇಬ್ಬರಿಗೂ ಚಪ್ಪಾಳೆ ಹೊಡೆಸಿದೆ. ಫೋಟೊ ತೆಗೆದು ಶಾಲೆಯ ವಾಟ್ಸಪ್ ಗುಂಪಿಗೆ ಹಾಕಿದೆ. ಚಟುವಟಿಕೆ ಯಶಸ್ವಿಯಾಗಿ ನಡೆಯಿತು ಎಂದು ವರದಿ ಬರೆದೆ. ನನ್ನಂಥವರಿಗೆ ನಾಚಿಕೆ ಎಲ್ಲಿಂದ ಬರಬೇಕು?

ಆ ವಾರದಿಂದ ಹುಡುಗಿಯ ದನಿ ನಿಂತಿತು. ಓದು ಎಂದರೆ ಪುಸ್ತಕ ಹಿಡಿದು ನಿಲ್ಲುವಳು, ಅಷ್ಟೇ. ದನಿಯೇ ಇಲ್ಲವಾದ ಮೇಲೆ ಕಾಡುವುದಕ್ಕೇನಿದೆ, ಅದೂ ನಿಂತಿತು. ಮುಖ್ಯೋಪಾಧ್ಯಾಯರು ಎಲ್ಲರ ಮುಂದೆ ನನ್ನನ್ನು ಹೊಗಳಿದರು, ಆ ಮಗು ಎಷ್ಟು ಶಾಂತವಾಯಿತು ನೋಡಿ ಎಂದು.

ತಾಯಿ ಮತ್ತೆ ಮಗಳನ್ನು ಕರೆದುಕೊಂಡು ಬಂದಳು. ಈ ಸಲ ಅವಳೇ ದನಿ ಹಿಡಿದು, ಕಷ್ಟಪಟ್ಟು ಮೆಲ್ಲಗೆ ಮಾತಾಡುತ್ತಿದ್ದಳು. ಮಗಳು ಮನೆಯಲ್ಲೂ ಬರೀ ತುಟಿ ಆಡಿಸುತ್ತಾಳಂತೆ. ಕರೆಂಟ್ ಹೋಗಿ ಮಗ್ಗ ನಿಂತಾಗಲೂ ಹಾಗೇ ಅಂತೆ. ಯಾರು ಏನಂದರೆಂದು ಕೇಳಿದರೆ ಬಾಯಿ ಬಿಡುವುದಿಲ್ಲವಂತೆ.

‘ಮೊದಲ ಯಾರ ಅಂದಾರ್ರೀ ಆ ಮಾತ? ನಿಮಗ ಗೊತ್ತಿರತೈತಿ. ಜಗಳಾ ಮಾಡಂಗಿಲ್ರಿ ನಾ. ಅವರ ಮನಿಗೆ ಹೋಗಿ, ಕೈ ಮುಗದು, ಹಂಗ ಅನಬ್ಯಾಡ್ರಿ ಅಂತ ಇಷ್ಟ ಕೇಳಿ ಬರ್ತೀನಿ.’

ಹುಡುಗಿ ಅವ್ವನ ಪಕ್ಕದಲ್ಲೇ ನಿಂತಿದ್ದಳು. ನಾನು ಹೇಳುವುದನ್ನೇ ಕಾಯುತ್ತಿದ್ದಳು.

‘ಹುಡುಗೂರು ಅಂತಾವವಾ. ಯಾರು ಅಂತ ಹೇಳೂದು?’ ಅಂದುಬಿಟ್ಟೆ.

ತಾಯಿ ನಂಬಿದಳು. ನಂಬಿ, ನನಗೇ ಕೈ ಮುಗಿದು ಹೋದಳು.

ಮರುದಿನ ಹಾಜರಿ ಕರೆಯುತ್ತಿದ್ದೆ. ಹುಡುಗಿಯ ನಂಬರು ಬಂತು. ಎದ್ದು ನಿಂತಳು. ಇತ್ತೀಚೆಗೆ ನಾನು ಅವಳ ಮುಖ ನೋಡದೆ ಹಾಜರಿ ಹಾಕುತ್ತಿದ್ದೆ. ಅಂದು ಯಾಕೋ ತಲೆ ಎತ್ತಿದೆ. ಅವಳು ಅದಕ್ಕೇ ಕಾದಿದ್ದಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಅಕ್ಷರ ಬಿಡಿಸಿ, ದನಿಯಿಲ್ಲದೆ ತುಟಿ ಆಡಿಸಿದಳು. ಇಡೀ ತರಗತಿಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ, ಅದೂ ಅವಳಿಗೆ ಗೊತ್ತಿತ್ತು.

‘ಮಗ್ಗ ಬಂದ್ ಮಾಡೀನ್ರಿ, ಟೀಚರ್.’

ಮುಂದಿನ ಬೆಂಚಿನ ಜಾಣೆ ಕೈ ಎತ್ತಿ, ‘ಆಕಿ ಏನೂ ಅನ್ನಲಿಲ್ರೀ ಟೀಚರ್’ ಅಂದಳು.

‘ಅಂದಳು. ನನಗ ಕೇಳಸ್ತು’ ಎಂದೆ. ಹಾಜರಿ ಹಾಕಿದೆ.