ಐದು ಸಾವಿರದ ಒಂದನೆಯ ಹೆಸರು

ದೆವ್ವ ಭೂತ ಎಂದವರನ್ನು ಕಿಚಾಯಿಸುತ್ತಿದ್ದವಳು ನಾನು. ಕಂಪ್ಯೂಟರ್ ಕೆಲಸದವಳಲ್ಲವೇ, ಎಣಿಕೆಗೆ ಸಿಗದ್ದು ಇಲ್ಲವೇ ಇಲ್ಲ ಎಂಬ ಜಂಬ. ಆ ಜಂಬ ಇಳಿದದ್ದು ಹೇಗೆಂದು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಜಯಲಕ್ಷ್ಮಿಪುರಂನ ಪುಟ್ಟ ಆಫೀಸೊಂದರಲ್ಲಿ ಪಾರ್ಸರ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಪಾರ್ಸರ್ ಎಂದರೆ ಉದ್ದನೆಯ ಕಡತ ಓದಿ ಹೆಸರು, ವಯಸ್ಸು, ವಿಳಾಸ ಎಂದು ಬಿಡಿಸಿಕೊಡುವ ಪ್ರೋಗ್ರಾಂ. ಎಷ್ಟು ಬೇಗ ಓದುತ್ತದೆ, ಎಷ್ಟು ಸರಿಯಾಗಿ ಓದುತ್ತದೆ, ಎರಡನ್ನೂ ನೋಡಬೇಕು. ನನಗೆ ಇದನ್ನು ಕಲಿಸಿದವರು ಶಿವಣ್ಣನವರು, ಹಣೆ ತುಂಬ ವಿಭೂತಿ ಧರಿಸಿ ಬರುತ್ತಿದ್ದ ಹಿರಿಯರು. ಪರೀಕ್ಷೆಯ ಪ್ರತಿ ಕಡತಕ್ಕೂ ಮೊದಲ ಸಾಲಾಗಿ ತಮ್ಮ ಹೆಸರನ್ನೇ ಸೇರಿಸುತ್ತಿದ್ದರು, ವಯಸ್ಸು ನೂರೆಂಟು. "ತಪ್ಪಾಗಿ ಓದೋದಾದ್ರೆ ಮೊದ್ಲು ನನ್ನನ್ನೇ ಓದ್ಬುಡ್ಲಿ ಕಣಮ್ಮ, ಬೇರೆಯೋರಿಗ್ಯಾಕೆ ತೊಂದ್ರೆ?" ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಸಾಲು ಕಂಡಾಗಲೆಲ್ಲ ಕಣ್ಣು ತುಂಬುತ್ತಿತ್ತು. ಒಂದು ದಿನ ಎಲ್ಲ ಕಡತಗಳಿಂದಲೂ ಅಳಿಸಿಬಿಟ್ಟೆ.

ಮೂರು ತಿಂಗಳ ಬಳಿಕ, ಒಂದು ಮಟಮಟ ಮಧ್ಯಾಹ್ನ, ರಕ್ತನಿಧಿಯೊಂದಕ್ಕಾಗಿ ಸಹೋದ್ಯೋಗಿ ನಸೀಮಾ ಬರೆದ ಹೊಸ ಪಾರ್ಸರ್ ಪರೀಕ್ಷೆಗೆ ಬಂತು. ಜೊತೆಗೆ ಐದು ಸಾವಿರ ರಕ್ತದಾನಿಗಳ ಹೊಸ ಪಟ್ಟಿ. ಹಳೆಯ ಪಾರ್ಸರ್ ಓದುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಇದು ಕಣ್ಣು ಮಿಟುಕಿಸುವುದರೊಳಗೆ ಮುಗಿಸಿತು. ಆದರೆ ಎಣಿಕೆ ಐದು ಸಾವಿರದ ಒಂದು ಬಂತು.

"ಒಂದೇ ತಾನೇ ಮೇಡಂ, ಸಂಜೇನೇ ಕಳಿಸ್ಬೇಕಲ್ವಾ?" ಎಂದಳು ನಸೀಮಾ. ನನಗೂ ಹೂಂ ಎಂದುಬಿಡುವ ಮನಸ್ಸೇ ಇತ್ತು. ಸುಮ್ಮನೆ ಆ ಹೆಚ್ಚಿನ ಸಾಲನ್ನು ತೆರೆದೆ.

ಶಿವಣ್ಣ, ವಯಸ್ಸು ನೂರೆಂಟು.

ಮೂಲ ಪಟ್ಟಿಯನ್ನೆಲ್ಲ ಜಾಲಾಡಿದೆವು. ಆ ಹೆಸರೇ ಇರಲಿಲ್ಲ. ಆ ಜಾಗದಲ್ಲಿದ್ದದ್ದು ಮಂಡಿ ಮೊಹಲ್ಲಾದ ಒಬ್ಬರ ವಿಳಾಸ, ಎರಡು ಸಾಲಾಗಿ ಮುರಿದಿತ್ತು. ಪಾರ್ಸರ್ ಎರಡನೆಯ ಸಾಲನ್ನು ಇನ್ನೊಬ್ಬ ಮನುಷ್ಯ ಎಂದುಕೊಂಡಿತ್ತು. ಅಲ್ಲಿಂದ ಕೆಳಗೆ ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಹೆಸರಿನ ಮುಂದೆ ಹೋಗಿ ಕೂತಿತ್ತು. ನಸೀಮಾ ಬಿಳುಚಿಕೊಂಡಳು. "ಯಾರ್ದೋ ಜೀವ ಹೋಗ್ಬುಡ್ತಿತ್ತಲ್ಲ ಮೇಡಂ..."

ತಪ್ಪು ತಿದ್ದಿದ ಮೇಲೆ ಎಣಿಕೆ ಸರಿಹೋಯಿತು. ಹೆಚ್ಚಿನ ಸಾಲು ಬಂದದ್ದೇಕೆಂದು ಗೊತ್ತಾಯಿತು. ಆದರೆ ಅಲ್ಲಿ ಇರಬೇಕಾದದ್ದು ಹರಿದ ವಿಳಾಸದ ತುಂಡು. ಶಿವಣ್ಣನವರ ಹೆಸರು ಎಲ್ಲಿಂದ ಬಂತು? ಇವತ್ತಿಗೂ ನನಗೆ ತಿಳಿದಿಲ್ಲ.

ಅಂದಿನಿಂದ ಪ್ರತಿ ಕಡತದ ಮೊದಲ ಸಾಲಿನಲ್ಲಿ ಅವರನ್ನು ಮತ್ತೆ ಕೂರಿಸಿದ್ದೇನೆ. ಭಯಕ್ಕೋ ಪ್ರೀತಿಗೋ ಹೇಳಲಾರೆ. ಅಳಿಸುವ ಧೈರ್ಯವಂತೂ ನನಗಿಲ್ಲ.